ಲಕ್ಷ್ಮಿಯ ಮುಂದಿನ ಲಡಾಯಿ

ಮುನ್ನೂರ ಹನ್ನೊಂದು ಸೈನಿಕರು ಒಬ್ಬ ಮುದುಕಿಯ ಕೈಗೆ ಸಿಕ್ಕು ಅರ್ಧ ಗಂಟೆಯೊಳಗೆ ಯುದ್ಧ ಬಿಟ್ಟಿದ್ದರು. ಇಂಥ ಸೋಲು ಜಗತ್ತಿನ ಯಾವ ರಣರಂಗದಲ್ಲೂ ಆಗಿರಲಿಲ್ಲ. ೧೯೭೪ರ ಭಾದ್ರಪದದಲ್ಲಿ, ಸೊಲ್ಲಾಪುರದಲ್ಲಿ, ಮುನ್ಸಿಪಾಲ್ಟಿ ಗುಮಾಸ್ತ ದಿಗಂಬರನ ಪಡಸಾಲೆಯಲ್ಲಿ ಆಯಿತು. ಆಫೀಸಿನಿಂದ ಓಡಿ ಬಂದ ದಿಗಂಬರ ಹೊಸ್ತಿಲಲ್ಲೇ ನಿಂತು ಹಾಕಿದ ಕೂಗಿಗೆ ಮೂರು ಓಣಿಯಾಚೆಯ ಗಿರಣಿಯ ಭೋಂಗಾ ಸೈರನ್ನು ನಾಚಿ ಸುಮ್ಮನಾಯಿತು.

"ಅವ್ವಾ! ಕೆಂಪು ಕೋಟಿನವರನ್ನ ಯಾರು ತಿರುವಿದ್ರು?"

"ನಾನ," ಎಂದಳು ಚಂದ್ರಭಾಗಾಬಾಯಿ, ಬತ್ತಿ ಹೊಸೆಯುತ್ತಲೇ. "ಅರ್ಧಾ ಫೌಜು ಲಕ್ಷ್ಮಿಗೆ ಬೆನ್ನು ಮಾಡಿ ನಿಂತಿತ್ತಲ್ಲೋ ದಿಗೂ. ಮನಿಗೆ ಬಂದ ತಾಯಿಗೆ ಬೆನ್ನು ತೋರಸ್ತಾರೇನು?"

ಹಬ್ಬಕ್ಕೆ ಮೂರ್ತಿಗಳಾಗಿ ಮನೆಗೆ ಬಂದ ಅಕ್ಕತಂಗಿ ಮಹಾಲಕ್ಷ್ಮಿಯರು ಇಬ್ಬರೂ ಜರಿ ಸೀರೆಯುಟ್ಟು ನಿಂತಿದ್ದರು. ಅವರ ಮುಂದೆ ಉಳಿದ ಮನೆಗಳಲ್ಲಿ ಕರಂಜಿ, ಚಕ್ಕುಲಿ, ಮರದ ಗೊಂಬೆ ಜೋಡಿಸಿದರೆ ದಿಗಂಬರನ ಮನೆಯಲ್ಲಿ ಮಹಾಯುದ್ಧ. ಹಸಿರು ಚಾದರದ ಬಯಲು, ಗಂಜಿಯಲ್ಲಿ ಅದ್ದಿ ಒಣಗಿಸಿದ ಗೋಣಿಚೀಲದ ಗುಡ್ಡ, ಗುಡ್ಡದ ತುಂಬ ಮೊಳಕೆಯೊಡೆದ ಸಾಸಿವೆಯ ಕಾಡು, ಕನ್ನಡಿಯ ನದಿ. ಗುಜರಿಯವರ ಬುಟ್ಟಿಯಿಂದ ಒಬ್ಬೊಬ್ಬನನ್ನೇ ಬಿಡಿಸಿ ತಂದು ಈ ಸೀಸದ ಸೈನ್ಯ ಕಟ್ಟಲು ಹದಿನಾಲ್ಕು ವರ್ಷ ಹಿಡಿದಿತ್ತು. ಇಡೀ ಹಿಂದೂಸ್ತಾನದಲ್ಲಿ ಇಂಥ ಸೈನ್ಯ ಎರಡೇ. ಇನ್ನೊಂದು ದಿಲ್ಲಿಯಲ್ಲಿದೆ, ಅದರ ಶಿಸ್ತು ಇದಕ್ಕಿಂತ ತುಸು ಕಡಿಮೆ.

ಕೊರತೆಯೆಂದರೆ ಒಬ್ಬನದೇ: ಬಿಗುಲ್ ಊದುವವನು. ಅವನು ಅಕ್ಕಲಕೋಟದ ನಿವೃತ್ತ ಸುಬೇದಾರ ಶಂಕರೆಪ್ಪನವರ ಕಪಾಟಿನಲ್ಲಿ ಸೆರೆಯಾಳಾಗಿದ್ದ. ದಿಗಂಬರ ಆರು ವರ್ಷ ಬೇಡಿದ್ದ. ಕೊನೆಗೆ ಸುಬೇದಾರರು, "ಮಾರಾಕ ನಾ ಆಟಿಗಿ ಅಂಗಡಿ ಇಟ್ಟಿಲ್ಲ. ನಿನ್ನ ಲಡಾಯಿ ಒಂದಿನ ಬಂದು ನೋಡ್ತೀನಿ. ಖರೆ ಲಡಾಯಿ ಅನಿಸಿದ್ರ ಕೊಡ್ತೀನಿ, ಇಲ್ಲಂದ್ರ ಮತ್ತ ಕೇಳಬ್ಯಾಡ," ಎಂದಿದ್ದರು. ಆ ಒಂದು ದಿನ ಇವತ್ತು. ಐದೂವರೆಯ ಬಸ್ಸು. ಗಡಿಯಾರದಲ್ಲಿ ಆಗಲೇ ಐದು.

"ಎರಡೂ ಫೌಜು ಒಂದ ಕಡಿ ಮಾರಿ ಮಾಡಿದ್ರ ಲಡಾಯಿ ಯಾರ ಜೋಡಿ ಅವ್ವಾ? ಅಡ್ಡ ನಿಲ್ಲಸ್ತೀನಿ, ಬೆನ್ನೂ ಬ್ಯಾಡ, ಮಾರೀನೂ ಬ್ಯಾಡ."

"ಸಿಟ್ಟಿಗೆದ್ದ ಬೀಗರಂಗ ಮಾರಿ ತಿರುವಿಕೊಂಡು ನಿಲ್ಲಬೇಕೇನು? ಕೈ ಹಚ್ಚಿದಿ ಅಂದ್ರ ನೋಡು!"

ಅಷ್ಟರಲ್ಲಿ ಎದುರುಮನೆಯ ಕಸ್ತೂರಬಾಯಿ ನಾಲ್ಕು ಜನ ಹೆಂಗಸರ ಜೊತೆ ಕುಂಕುಮಕ್ಕೆ ಬಂದಳು. ಬಂದವಳೇ ಎದೆ ಹಿಡಿದುಕೊಂಡಳು. "ಅಯ್ಯ ಚಂದ್ರಕ್ಕಾ! ಮುನ್ನೂರು ಬಂದೂಕು ಲಕ್ಷ್ಮಿ ಎದಿಗೇ ಹಿಡದಾರಲ್ಲ! ತಾಯೀನ ಊಟಕ್ಕ ಕರದೀರೋ, ಗುಂಡು ಹೊಡಸಾಕ ಕರದೀರೋ?"

ಚಂದ್ರಭಾಗಾಬಾಯಿಯ ಕೈಯಿಂದ ಬತ್ತಿ ಜಾರಿತು. ಬೆನ್ನು ತೋರಿಸಿದರೆ ಅವಮಾನ, ಮುಖ ತೋರಿಸಿದರೆ ಖೂನಿ. ಎಂಥೆಂಥ ಸೇನಾಪತಿಗಳು ಇಂಥ ಇಕ್ಕಟ್ಟಿನಲ್ಲಿ ರಾಜೀನಾಮೆ ಕೊಟ್ಟಿದ್ದಾರೆ, ಮುದುಕಿ ಮೂರು ಸಲ ಕಣ್ಣು ಮಿಟುಕಿಸುವುದರೊಳಗೆ ಹುಕುಂ ಹೊರಡಿಸಿದಳು: "ಎಲ್ಲಾರನೂ ಮಲಗಸ್ರಿ. ಸಾಷ್ಟಾಂಗ ಹಾಕಲಿ."

"ಬ್ಯಾಡ ಅವ್ವಾ, ನಿನ್ನ ಕಾಲು ಹಿಡೀತೀನಿ..." ಎಂಬ ದಿಗಂಬರನ ಮಾತು ಬಳೆಗಳ ಸದ್ದಿನಲ್ಲಿ ಮುಳುಗಿತು. ಐದೂ ಜನ ಸೆರಗು ಸಿಗಿಸಿ ರಣಕ್ಕಿಳಿದಿದ್ದರು.

"ಕುದುರಿ ಹ್ಯಾಂಗ ಸಾಷ್ಟಾಂಗ ಹಾಕ್ತದ?"

"ಮಗ್ಗಲಾದ್ರ ನಡೀತದ. ಲಕ್ಷ್ಮಿಗೇನು ತಿಳ್ಯೂದಿಲ್ಲ?"

ಕೆಂಪು ಕೋಟು, ನೀಲಿ ಕೋಟು ಎಂದು ಯಾರೂ ನೋಡಲಿಲ್ಲ. ಜಾಗ ಸಿಕ್ಕಲ್ಲಿ ಮಲಗಿಸಿದರು. ಒಬ್ಬನ ಕಾಲ ಮೇಲೆ ಇನ್ನೊಬ್ಬನ ತಲೆ. ನಾಲ್ಕು ಜನ ಕನ್ನಡಿಯ ನದಿಯಲ್ಲಿ ಬೋರಲಾದರು. ಎಲ್ಲವೂ ಮನೆಮನೆಯಲ್ಲಿ ಕುಂಕುಮ ಹಚ್ಚಿ ಬಂದ ಕೈಗಳು, ಹಸಿರು ಚಾದರ ಅಲ್ಲಲ್ಲಿ ಕೆಂಪಾಯಿತು. ಕಡೆಯ ಕುದುರೆ ಮಗ್ಗುಲಾಗುವ ಹೊತ್ತಿಗೂ ಬಾಗಿಲಲ್ಲಿ ಬೂಟು ಬಿಚ್ಚಿದ ಸದ್ದಿಗೂ ಸರಿಹೋಯಿತು.

ಸುಬೇದಾರರ ಮೀಸೆ ಎಷ್ಟು ದೊಡ್ಡದೆಂದರೆ ಅದು ಒಳಗೆ ಬಂದ ಮೇಲೆ ಅವರು ಬಂದರು. ದಿಗಂಬರ ಗೋಡೆಗೆ ಅಂಟಿಕೊಂಡ. ಸುಬೇದಾರರು ಬಯಲಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ನದಿಯನ್ನು ನೋಡಿದರು. ಕೆಂಪಾದ ಚಾದರವನ್ನು ನೋಡಿದರು. ಒಬ್ಬ ನೀಲಿ ಕೋಟಿನವನ ಕೈ ಕೆಂಪು ಕೋಟಿನವನ ಹೆಗಲ ಮೇಲೆ ಬಿದ್ದಿತ್ತು. ಅಲ್ಲಿ ಬೆರಳಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

"ಇದನ್ನ ಯಾರು ಮಾಡ್ಯಾರ?"

"ನಮ್ಮ... ನಮ್ಮ ಅವ್ವ ರೀ."

ಸುಬೇದಾರರು ಎದ್ದು ನಿಂತು ಮುದುಕಿಯ ಕಡೆ ತಿರುಗಿದರು. "ತಾಯಿ, ನೀವು ಯಾವ ಲಡಾಯಿಗೆ ಹೋಗಿದ್ರಿ?"

"ಚ್ಯಾಷ್ಟಿ ಮಾಡಬ್ಯಾಡ್ರಿ ಅಪ್ಪಾ. ನಾ ಪಂಢರಪುರ ಬಿಟ್ಟು ಎಲ್ಲಿಗೂ ಹೋಗಿಲ್ಲ."

ಅವರು ಕಿಸೆಯಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಹೆಬ್ಬೆರಳಿನಷ್ಟು ಸೀಸದ ಮನುಷ್ಯ, ಬಾಯಿಗೆ ಬಿಗುಲ್. ಅವನನ್ನು ಬಯಲಿನ ನಟ್ಟನಡುವೆ ನಿಲ್ಲಿಸಿದರು. ದಿಗಂಬರನ ಎದೆಯಲ್ಲಿ ಸಾವಿರ ಗರ್ನಾಲು ಪಟಾಕಿ ಒಟ್ಟಿಗೇ ಹಾರಿದವು. ಬಿಗುಲಿನವನನ್ನೂ ಮಲಗಿಸಲು ಚಂದ್ರಭಾಗಾಬಾಯಿ ಕೈ ಚಾಚಿದಳು. ಹತ್ತಿರ ಹೋಗಿ, ನೋಡಿ, ಹಿಂದಕ್ಕೆ ತೆಗೆದಳು.

"ಇಂವನ ಕೈಯಾಗ ಬಂದೂಕಿಲ್ಲ. ನಿಂತಿರ್ಲಿ. ಆರತಿಗೆ ಊದಾಕ ಒಬ್ಬಾಂವ ಬೇಕಲ್ಲ."

ಆರತಿ ಶುರುವಾಯಿತು. ಹೆಂಗಸರೆಲ್ಲ ಕೈ ಮುಗಿದರು, ದಿಗಂಬರ ಕುಣಿಯುವುದೊಂದು ಬಾಕಿ. ಸುಬೇದಾರರು ಮಾತ್ರ ಬಯಲಿನಲ್ಲಿ ಮಲಗಿದವರ ಕಡೆ ನೋಡುತ್ತ ಹಿಮ್ಮಡಿ ಜೋಡಿಸಿ ನೆಟ್ಟಗೆ ನಿಂತು, ಬಲಗೈಯನ್ನು ಹಣೆಗೆ ಹಚ್ಚಿದವರು ದೀಪ ತಣ್ಣಗಾಗುವ ತನಕ ಇಳಿಸಲಿಲ್ಲ.

ಕಸ್ತೂರಬಾಯಿ ಪಕ್ಕದವಳ ಕಿವಿಯಲ್ಲಿ ಅಂದಳು: "ಪಾಪ, ಎರಡೂ ಕೈ ಕೂಡಿಸೂದು ಯಾರೂ ಕಲಿಸಿಲ್ಲ, ನೋಡು."