ಅರ್ಧ ಮಿಲಿಮೀಟರ್

ಐ.ಟಿ.ಐ. ಪರೀಕ್ಷೆಯಲ್ಲಿ ಕಬ್ಬಿಣದ ಸರಳನ್ನು ಲೇತ್ ಮೆಷೀನಿನಲ್ಲಿ ಸರಿಯಾಗಿ ಇಪ್ಪತ್ತೈದು ಮಿಲಿಮೀಟರ್ ದಪ್ಪಕ್ಕೆ ಇಳಿಸಬೇಕಿತ್ತು. ಹೇಮಾವತಿಯ ಸರಳು ಇಳಿದಿಳಿದು ಪೆನ್ಸಿಲ್ ಆಗಿತ್ತು. ಬೇರೆ ದಾರಿ ಕಾಣದೆ, ಸೀನಿಯರ್‌ಗಳು ಗುಟ್ಟಾಗಿ ಕೊಟ್ಟಿದ್ದ, ಯಾರೋ ಎಂದೋ ಅಳತೆಗೆ ಇಳಿಸಿಟ್ಟು ಬ್ಯಾಚಿನಿಂದ ಬ್ಯಾಚಿಗೆ ಕೈದಾಟುತ್ತ ಬಂದಿದ್ದ ತುಂಡನ್ನು ಜೇಬಿನಿಂದ ತೆಗೆದಳು. ಹೊಸದರಂತೆ ಹೊಳೆಯಲಿ ಎಂದು ಎಮರಿ ಕಾಗದದಿಂದ ಗಸಗಸ ಉಜ್ಜಿ, ಪರೀಕ್ಷಕರ ಮುಂದಿಟ್ಟಳು.

ಅವರು ಅಳೆದು ಹುಬ್ಬು ಗಂಟಿಕ್ಕಿದರು.

"ನೀನೇ ಮಾಡಿದ್ದಾ?"

"ಹೂಂ ಸಾರ್. ಬೆಳಿಗ್ಗೆಯಿಂದ ನಿಂತು ನಿಂತು ಸೊಂಟ ಬಿದ್ಹೋಯ್ತು."

"ಅರ್ಧ ಮಿಲಿಮೀಟರ್ ಕಮ್ಮಿ ಇದೆಯಲ್ಲಮ್ಮ."

"ಸಾಧ್ಯಾನೇ ಇಲ್ಲ ಸಾರ್! ಪ್ರತಿ ವರ್ಷಾನೂ ಸರಿಯಾಗೇ ಇತ್ತು..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಪರೀಕ್ಷಕರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ನಮ್ಮ ವರ್ಷಾನೂ ಸರಿಯಾಗೇ ಇತ್ತಮ್ಮ. ನೀವೆಲ್ಲ ಸೇರಿ ಉಜ್ಜಿ ಉಜ್ಜಿ ಸವೆಸಿಬಿಟ್ರಿ!"