ಜ್ವರದ ಹುಳಕ್ಕೆ ಸೊಪ್ಪು

ಪೊರೆ ಬಿಡುವ ಮೊದಲು ರೇಷ್ಮೆಹುಳ ತಲೆಯೆತ್ತಿಕೊಂಡು, ಅಲ್ಲಾಡದೆ ನಿದ್ದೆ ಮಾಡುತ್ತದೆ. ನಮ್ಮಲ್ಲಿ ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಸೊಪ್ಪು ಹಾಕುವುದಿಲ್ಲ. ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಂದರೆ ಈಗಲೂ ನನಗೆ ಯಲ್ದೂರಿನ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಜ್ಜಿ ಅಂಥ ಹುಳಗಳ ಮೇಲೆಯೇ ಸೊಪ್ಪು ಸುರಿದು, ನನ್ನನ್ನು ಸೋದರತ್ತೆಯ ಹೆಸರಿನಿಂದ ಕರೆದಳು. ಆಮೇಲೆ ಹುಳದ ತಟ್ಟೆ ನೋಡಿ ಅಲ್ಲೇ ಕುಸಿದು ಕೂತಳು.

"ನಮ್ಮಮ್ಮನ ಥರ ನನಗೂ ಮರೆವು ಬಂತು ಕಣೇ. ನಾಳೆ ನಿನ್ನೂ ಮರೀತೀನೇನೋ."

ತಾತ ಒಂದೊಂದೇ ಎಲೆ ಎತ್ತುತ್ತಾ ಗದರಿದರು: "ಹುಳಕ್ಕೆ ನಿದ್ದೆ ಕೆಡಿಸ್ಬೇಡಿ ಅಂತ ಊರಿಗೆಲ್ಲ ಹೇಳ್ತೀಯ. ಹುಳ ಮನೆಗೆ ಬಂದಾಗಿಂದ ನೀನು ಕಣ್ಣು ಮುಚ್ಚಿದ್ದೀಯೇನೇ? ಹೋಗಿ ಮಲಕ್ಕೋ, ನಾನ್ ನೋಡ್ಕೋತೀನಿ."

ಅವಳು ಸಂಜೆಗೇ ಮಲಗಿದಳು. ಮಾರನೆಯ ಬೆಳಿಗ್ಗೆ ನಾನು ಸದ್ದು ಮಾಡುವ ಕೋಳಿಗಳನ್ನು ಓಡಿಸುತ್ತಾ, ಅವಳು ತಾನಾಗಿಯೇ ಎದ್ದು ನನ್ನ ಹೆಸರು ಹಿಡಿದು ಕೂಗುವವರೆಗೂ ಬಾಗಿಲಲ್ಲೇ ಕೂತಿದ್ದೆ.