ಮೊಣಕಾಲುದ್ದ ಕೆಸರು

ಕಾಲ್ಚೆಂಡಾಟಕ್ಕೆಂದು ಹೋಗಿ ಬಂದ ಮಗನ ಮೊಣಕಾಲಿನವರೆಗೆ ಈ ದಿನವೂ ಕೆಸರು. ಶ್ರೀರಂಗಪಟ್ಟಣದ ಮೈದಾನ ಕಲ್ಲಿನಂಥ ನೆಲ; ಅಲ್ಲಿ ಇಷ್ಟು ಕೆಸರೆಲ್ಲಿಂದ ಬಂತು? ಹಿಮ್ಮಡಿಗೆ ಹೊಂಗೆಯ ಎಲೆಯೊಂದು ಅಂಟಿತ್ತು. ಅಂದಾನಯ್ಯನಿಗೆ ಅಷ್ಟೇ ಸಾಕಾಯಿತು. ಮೂವತ್ತಾರನೆಯ ಇಸವಿಯ ಆಷಾಢ. ಗದ್ದೆಗೆ ಗೊಬ್ಬರವಾಗಿ ಹೊಂಗೆ ಸೊಪ್ಪು ಹಾಕಿ ತುಳಿಸುವ ಕಾಲ. ಹುಡುಗರಿಗೆ ಆಟ ಕಲಿಸುವ ಡ್ರಿಲ್ ಮೇಷ್ಟ್ರು ದ್ಯಾವಯ್ಯನವರಿಗೆ ನಾಲೆಯ ಕೆಳಗೆ ಗದ್ದೆಯಿತ್ತು.

ಕೇಳಿದರೆ ಮುದ್ದಯ್ಯ, ಮೇಷ್ಟ್ರು ತಿಂಗಳಿಂದ ಚೆಂಡು ಮುಟ್ಟಿಸಿಲ್ಲ, ಮೊದಲು ಕಾಲು ಗಟ್ಟಿಯಾಗಲಿ ಎಂದಿದ್ದಾರೆ ಎಂದು ಹೇಳಿ ಒಳಗೆ ನುಸುಳಿದ. ಅವನಷ್ಟು ಚುರುಕಿನ ಆಟಗಾರ ಊರಲ್ಲಿ ಇನ್ನೊಬ್ಬನಿರಲಿಲ್ಲ. ಆದರೆ ಯಾರಾದರೂ ಭುಜ ತಾಗಿಸಿದರೆ ಉರುಳಿಬೀಳುತ್ತಿದ್ದ. ನಾಗಮಂಗಲದವರ ಮೇಲಿನ ಪಂದ್ಯಕ್ಕೆ ಎಂಟೇ ದಿನ.

ಹೆಂಡತಿ ಗೌರಮ್ಮ ಬೀಜದ ಭತ್ತ ಕೇರುತ್ತಿದ್ದಳು. “ಮೇಷ್ಟ್ರು ಅಂಥೋರಲ್ಲ, ಸುಮ್ಕಿರಿ” ಎಂದಳು, ಮೊರದಿಂದ ತಲೆಯೆತ್ತದೆ.

ಅಂದಾನಯ್ಯ ಸುಮ್ಮನಿರಲಾರ. ಹಿರಿಯ ಮಗ ಸೋಮಯ್ಯ ಹೋದ ವರ್ಷ ತಮ್ಮದೇ ಗದ್ದೆಯಲ್ಲಿ ಹಾವು ಕಚ್ಚಿ ತೀರಿಕೊಂಡಿದ್ದ. ಅವನು ಅಲ್ಲಿನ ಬದುವಿನ ಮೇಲೆ ನೇರಳೆ ಗಿಡ ನೆಟ್ಟು ಆಗ ವಾರವೂ ಕಳೆದಿರಲಿಲ್ಲ. ಆಮೇಲೆ ಅಂದಾನಯ್ಯ ಅತ್ತ ಸುಳಿಯಲಿಲ್ಲ. ಆ ಗದ್ದೆಯ ಮಾತನ್ನೇ ಎತ್ತಕೂಡದೆಂದು ಮನೆಯವರಿಂದ ರಂಗನಾಥನ ಆಣೆ ಹಾಕಿಸಿದ್ದ. ಉಳಿದವನು ಇವನೊಬ್ಬ. ಇವನನ್ನೂ ಯಾರೋ ಎತ್ತಿನಂತೆ ದುಡಿಸಿಕೊಳ್ಳುವುದೆ? ಕಣ್ಣಾರೆ ಕಂಡರೆ ಅಂದೇ ಆಟ ಬಿಡಿಸುವುದೆಂದು ನಿಶ್ಚಯಿಸಿದ.

ಮರುದಿನ ಹೊಳೆಯಲ್ಲಿ ಮಿಂದು, ದೇವರಿಗೆ ಕೈಮುಗಿದು, ತುಂತುರು ಮಳೆಯಲ್ಲಿ ಕಂಬಳಿ ಕೊಪ್ಪೆಯನ್ನು ಹುಬ್ಬಿನವರೆಗೆ ಎಳೆದುಕೊಂಡು, ನಾಲೆಯ ಏರಿಯ ಮೇಲೆ ಮೇಷ್ಟ್ರ ಕೊಡೆಯ ಬೆನ್ನು ಹತ್ತಿದ.

ನೀರು ಕಟ್ಟಿದ ಮೇಲೆ ಗದ್ದೆಗಳೆಲ್ಲ ಒಂದೇ ಹಾಗೆ. ಒಂದರಲ್ಲಿ ಹನ್ನೊಂದು ಜನ ಹುಡುಗರು ಸಾಲಾಗಿ, ಮಂಡಿಯನ್ನು ಎದೆಯವರೆಗೆ ಎತ್ತಿ ಎತ್ತಿ ಸೊಪ್ಪು ತುಳಿಯುತ್ತಿದ್ದರು. ಅವರಲ್ಲಿ ಭಾರಿ ಆಳಾದ ತಮ್ಮಯ್ಯ ಓಡಿಬಂದು ಮುದ್ದಯ್ಯನಿಗೆ ಭುಜದಿಂದ ಗುದ್ದಿದ. ಮುದ್ದಯ್ಯ ಅಲುಗಲಿಲ್ಲ, ಕೆಸರಿಗೆ ಬಿದ್ದವನು ತಮ್ಮಯ್ಯ. ಮೇಷ್ಟ್ರು ನಕ್ಕರು. ಅಂದಾನಯ್ಯನಿಗೆ ಆ ನಗುವೊಂದೇ ಕಂಡಿತು.

“ಎಷ್ಟು ದಿನದಿಂದ ನಡೀತಾ ಐತೆ ಮೇಷ್ಟ್ರೇ, ಈ ಬಿಟ್ಟಿ ಗೇಯ್ಮೆ?” ಎನ್ನುತ್ತ ಏರಿಯಿಂದ ಬದುವಿನತ್ತ ದಡದಡನೆ ಇಳಿದ.

ಮೇಷ್ಟ್ರು ಕೊಡೆ ಮಡಿಸಿದರು. “ಕೇಳಿದ್ರೆ ನೀವು ಒಪ್ತಿರಲಿಲ್ಲ, ಯಜಮಾನ್ರೇ.”

ಕೆಸರಿನಿಂದ ಮುದ್ದಯ್ಯ ಕೈಯೆತ್ತಿ ತಡೆದ. “ಅಪ್ಪಾ, ಅಲ್ಲೇ ನಿಂತ್ಕೊ. ಅಣ್ಣ ನೆಟ್ಟ ನೇರಳೆ ಗಿಡ ನಿನ್ ಕಾಲಿಗೆ ಸಿಕ್ಬುಡ್ತದೆ.”